ಕ್ರಿಸ್‌ಮಸ್ ಆಚರಿಸದ ಒಂದು ಸಣ್ಣ ಸಭೆಯ ಬಗ್ಗೆ

ಕ್ರಿಸ್‌ಮಸ್ ಆಚರಿಸದ ಕ್ರೈಸ್ತರೂ ಇದ್ದಾರೆ ಅಂದರೆ ನಮ್ಮ ಕಡೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ಕ್ರಿಸ್‌ಮಸ್ ಇಲ್ಲ, ಈಸ್ಟರ್ ಇಲ್ಲ. ಆರ್ಗನ್ ಇಲ್ಲ, ಕ್ವೈರ್ ಇಲ್ಲ, ಮೇಣದಬತ್ತಿ ಇಲ್ಲ. ಹಾಡುವುದು ಬೈಬಲ್ಲಿನ 150 ಕೀರ್ತನೆಗಳನ್ನು ಮಾತ್ರ, ಅದೂ ಬರೀ ಬಾಯಲ್ಲಿ. ಸ್ಕಾಟ್ಲೆಂಡಿನ ಫ್ರೀ ಪ್ರೆಸ್ಬಿಟೇರಿಯನ್ ಚರ್ಚ್ ಅಂಥದ್ದೊಂದು ಸಭೆ. 1893ರಲ್ಲಿ ಹುಟ್ಟಿದ್ದು, ಅಂದಿನಿಂದ ಇಂದಿನವರೆಗೂ ಸಣ್ಣದಾಗಿಯೇ ಉಳಿದದ್ದು.

ನಾನು ಧಾರವಾಡದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ಹಾರ್ಮೋನಿಯಂ, ತಬಲಾ, ಡಿಸೆಂಬರ್ ಬಂತೆಂದರೆ ರಾತ್ರಿಯೆಲ್ಲ ಮನೆಮನೆಗೆ ಕ್ಯಾರಲ್ಸ್. ಈಗ ಕೆಲಸದ ನಿಮಿತ್ತ ಸ್ಕಾಟ್ಲೆಂಡಿನ ಉತ್ತರದ ಇನ್ವರ್ನೆಸ್‌ನಲ್ಲಿ ಇದ್ದೇನೆ. ಈ ಸಭೆಯ ಬಗ್ಗೆ ಇಲ್ಲಿನವರು ಮಾತಾಡುವಾಗ ತುಟಿಯಂಚಿನಲ್ಲಿ ಒಂದು ನಗು ಇರುತ್ತದೆ. ಇವರಿಗೆ ಭಾನುವಾರ ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ; ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಿಗೆ ಆ ದಿನ ದೋಣಿ ಬಿಡಬೇಕೋ ಬೇಡವೋ, ವಿಮಾನ ಹಾರಬೇಕೋ ಬೇಡವೋ ಎಂಬ ಜಗಳ ಎದ್ದಾಗ ಮಾತ್ರ ಪತ್ರಿಕೆಗಳಿಗೆ ಇಂಥ ಸಭೆಗಳ ನೆನಪಾಗುತ್ತದೆ. ಇದು ಅನ್ಯಾಯ ಅಂತ ನನಗೆ ಬಲವಾಗಿ ಅನಿಸಿದೆ. ಹಾಗಂತ ಇವರು ಮಾಡಿದ್ದೆಲ್ಲ ಸರಿ ಅಂತಲೂ ನಾನು ಹೇಳುವುದಿಲ್ಲ. ಎರಡನ್ನೂ ಬರೆಯುತ್ತೇನೆ.

1560ರಲ್ಲಿ ಜಾನ್ ನಾಕ್ಸ್ ಮತ್ತು ಸಂಗಡಿಗರು ಸ್ಕಾಟ್ಲೆಂಡನ್ನು ಪೋಪರ ಅಧೀನದಿಂದ ಬಿಡಿಸಿದರು. ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪ್ ಇಲ್ಲ; ಸಭಾಪಾಲಕರೂ ಜನ ಆರಿಸಿದ ಹಿರಿಯರೂ ಒಟ್ಟಿಗೆ ಕೂತು ಸಭೆ ನಡೆಸುತ್ತಾರೆ. ಆದರೆ ಊರಿಗೆ ಸಭಾಪಾಲಕ ಯಾರಾಗಬೇಕು ಅನ್ನುವ ಹಕ್ಕು 19ನೇ ಶತಮಾನದಲ್ಲೂ ಜಮೀನ್ದಾರರ ಕೈಯಲ್ಲೇ ಇತ್ತು. 1843ರ ಮೇ 18ರಂದು ಎಡಿನ್‌ಬರೋದಲ್ಲಿ ಥಾಮಸ್ ಚಾಮರ್ಸ್ ಮುಂದಾಳತ್ವದಲ್ಲಿ ಒಂದು ದೊಡ್ಡ ಗುಂಪು ಸರ್ಕಾರಿ ಚರ್ಚಿನ ಮಹಾಸಭೆಯಿಂದ ಎದ್ದು ಹೊರನಡೆಯಿತು. ಒಟ್ಟು 474 ಸಭಾಪಾಲಕರು ಸಂಬಳ, ಮನೆ, ಚರ್ಚಿನ ಕಟ್ಟಡ ಎಲ್ಲ ಬಿಟ್ಟುಕೊಟ್ಟರು. ಅದು ಫ್ರೀ ಚರ್ಚ್. ಕಲ್ಕತ್ತದಲ್ಲಿದ್ದ ಅಲೆಕ್ಸಾಂಡರ್ ಡಫ್, ಬೊಂಬಾಯಿಯಲ್ಲಿದ್ದ ಜಾನ್ ವಿಲ್ಸನ್, ಮದರಾಸಿನ ಜಾನ್ ಆ್ಯಂಡರ್ಸನ್ ಕೂಡ ಫ್ರೀ ಚರ್ಚಿನ ಜೊತೆ ನಿಂತರು.

ಹೊಸ ಚರ್ಚಿಗೆ ಎಷ್ಟೋ ಕಡೆ ಜಮೀನ್ದಾರರು ಜಾಗವನ್ನೇ ಕೊಡಲಿಲ್ಲ. ಸ್ಟ್ರಾಂಟಿಯನ್ ಎಂಬ ಹಳ್ಳಿಯ ಜನ ಕೊನೆಗೆ ಹಣ ಕೂಡಿಸಿ ಕಬ್ಬಿಣದ ಒಂದು ತೇಲುವ ಚರ್ಚನ್ನೇ ಮಾಡಿಸಿ, 1846ರಲ್ಲಿ ಅದನ್ನು ಲಾಕ್ ಸುನಾರ್ಟ್ ಎಂಬ ಕಡಲಿನ ಚಾಚಿಗೆ ಎಳೆದು ತಂದು ಲಂಗರು ಹಾಕಿಸಿದರು. ನೆಲ ಜಮೀನ್ದಾರನದ್ದು, ನೀರಿನ ಮೇಲೆ ಅವನ ದರ್ಬಾರು ನಡೆಯುವುದಿಲ್ಲವಲ್ಲ. ನೂರು ಜನ ಹತ್ತಿದರೆ ಅದು ಒಂದು ಅಂಗುಲ ಕೆಳಗಿಳಿಯುತ್ತಿತ್ತಂತೆ. ಯಾವ ಬೋಧಕರು ಬಂದಾಗ ಎಷ್ಟು ಅಂಗುಲ ಮುಳುಗಿತು ಅಂತ ದಡದವರು ಲೆಕ್ಕ ಹಾಕುತ್ತಿದ್ದರಂತೆ.

ಐವತ್ತು ವರ್ಷ ಕಳೆಯುವಷ್ಟರಲ್ಲಿ ಫ್ರೀ ಚರ್ಚ್ ತಾನೇ ದೊಡ್ಡ ಸಂಸ್ಥೆಯಾಗಿತ್ತು. ಕೀರ್ತನೆಗಳ ಜೊತೆಗೆ ಬೇರೆ ಸ್ತೋತ್ರಗೀತೆಗಳು ಬಂದವು, ಆಮೇಲೆ ಆರ್ಗನ್ ಬಂತು. 1892ರಲ್ಲಿ ಡಿಕ್ಲರೇಟರಿ ಆ್ಯಕ್ಟ್ ಎಂಬ ಒಂದು ನಿರ್ಣಯವಾಯಿತು. ಅದರ ತಿರುಳು ಇಷ್ಟು: ಪ್ರೆಸ್ಬಿಟೇರಿಯನ್ನರು ತಮ್ಮ ನಂಬಿಕೆ ಇದು ಅಂತ ಒಪ್ಪಿಕೊಂಡಿರುವ 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದಲ್ಲಿ ಮೂಲಭೂತವಲ್ಲದ ವಿಷಯಗಳ ಬಗ್ಗೆ ಸಭಾಪಾಲಕರು ಬೇರೆ ಅಭಿಪ್ರಾಯ ಇಟ್ಟುಕೊಳ್ಳಬಹುದು, ಯಾವುದು ಮೂಲಭೂತ ಅನ್ನುವುದನ್ನು ಚರ್ಚೇ ತೀರ್ಮಾನಿಸುತ್ತದೆ. ಪಟ್ಟಣದ ಪಂಡಿತರಿಗೆ ಇದು ಉದಾರತೆ. ರಾಸೇ ದ್ವೀಪದ ಸಭಾಪಾಲಕ ಡೊನಾಲ್ಡ್ ಮ್ಯಾಕ್‌ಫಾರ್ಲೇನ್‌ಗೆ ಮಾತ್ರ ಇದು, ತಾವೆಲ್ಲ ಕೈಯೆತ್ತಿ ಮಾಡಿದ ಪ್ರಮಾಣದ ಅರ್ಥವನ್ನು ಹಿಂದಿನ ಬಾಗಿಲಿನಿಂದ ಬದಲಿಸಿದ ಹಾಗೆ ಕಂಡಿತು. 1893ರ ಮಹಾಸಭೆಯಲ್ಲಿ ಅವರು ಪ್ರತಿಭಟನೆ ದಾಖಲಿಸಿದರು. ಜುಲೈ ತಿಂಗಳಲ್ಲಿ ರಾಸೇಯಲ್ಲೇ ಅವರು, ಶೀಲ್ಡೇಗ್‌ನ ಡೊನಾಲ್ಡ್ ಮ್ಯಾಕ್‌ಡೊನಾಲ್ಡ್ ಮತ್ತು ಒಬ್ಬ ಹಿರಿಯರು, ಊರ ಶಾಲೆಯ ಮೇಷ್ಟ್ರು, ಸೇರಿ ಹೊಸ ಪ್ರೆಸ್ಬಿಟರಿ, ಅಂದರೆ ಸಭಾಪಾಲಕರ ಮತ್ತು ಹಿರಿಯರ ಆಡಳಿತ ಮಂಡಳಿ, ರಚಿಸಿದರು. ಮೂರೇ ಜನ.

ಇದನ್ನು ಹಟ ಅನ್ನುವವರಿಗೆ ನಾನು ಹೇಳುವುದು, ರಾಸೇ ಎಂಥ ಊರು ಅಂತ ಒಮ್ಮೆ ನೋಡಿ. 19ನೇ ಶತಮಾನದ ಮಧ್ಯದಲ್ಲಿ ಜಮೀನ್ದಾರ ಕುರಿ ಸಾಕಲು ಅಲ್ಲಿನ ಹಳ್ಳಿಗಳನ್ನೇ ಒಕ್ಕಲೆಬ್ಬಿಸಿದ್ದ. ಕುಟುಂಬಕ್ಕೆ ಕುಟುಂಬಗಳೇ ಹಡಗು ಹತ್ತಿದ್ದವು. ನೆಲ ಹೋಗಿತ್ತು, ಅವರ ಮಾತೃಭಾಷೆ ಗೇಲಿಕ್‌ಗೆ ಶಾಲೆಯಲ್ಲಿ ಬೆಲೆ ಇರಲಿಲ್ಲ. ತಮ್ಮದು ಅಂತ ಉಳಿದಿದ್ದು ನಂಬಿಕೆ ಒಂದೇ. ಅದನ್ನೂ ಪಟ್ಟಣದವರು ಕೂತು ತಿದ್ದುತ್ತೇವೆ ಅಂದಾಗ ಅವರು ಬೇಡ ಅಂದರು. ನಾನು ಅವರ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆನೋ, ಆದರೆ ಅವರ ಸಂಕಟ ನನಗೆ ಅರ್ಥವಾಗುತ್ತದೆ.

ಇನ್ನು ಆರಾಧನೆಗೆ ಬರೋಣ, ನನ್ನ ಮನಸ್ಸು ಸೋತದ್ದು ಅಲ್ಲೇ.

ಇವರ ನಿಯಮ ನೇರ: ಆರಾಧನೆಯಲ್ಲಿ ದೇವರು ಮಾಡಿ ಅಂದದ್ದನ್ನು ಮಾತ್ರ ಮಾಡಬೇಕು, ನಮಗೆ ಚೆನ್ನಾಗಿ ಕಂಡದ್ದನ್ನು ಸೇರಿಸಬಾರದು. ಡಿಸೆಂಬರ್ 25 ಹಬ್ಬ ಅಂತ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ, ಹಾಗಾಗಿ ಇಲ್ಲ. ಹೆಂಗಸರು ತಲೆ ಮುಚ್ಚಿಕೊಂಡು ಕೂರುತ್ತಾರೆ. ವಯಸ್ಸಾದವರೆಲ್ಲ ಟೋಪಿ, ನಾನು ದುಪಟ್ಟಾ. ಪ್ರಾರ್ಥನೆಗೆ ಎದ್ದು ನಿಲ್ಲುತ್ತಾರೆ, ಹಾಡಲು ಕೂರುತ್ತಾರೆ, ನಮ್ಮಲ್ಲಿಗಿಂತ ಉಲ್ಟಾ. ಸಭಾಪಾಲಕರ ಬೋಧನೆ ಉದ್ದ, ಮಕ್ಕಳೂ ಅಲುಗಾಡದೆ ಕೇಳುತ್ತಾರೆ.

ಬೋಧಕರು ನಿಲ್ಲುವ ಪೀಠದ, ಪುಲ್ಪಿಟ್ಟಿನ, ಕೆಳಗೆ ಒಬ್ಬರು ಕೂತಿರುತ್ತಾರೆ. ಪ್ರಿಸೆಂಟರ್ ಅಂತಾರೆ, ನಮ್ಮ ಊರಿನ ಭಜನೆಯಲ್ಲಿ ಪದ ಎತ್ತಿಕೊಡುವವರು ಇರುತ್ತಾರಲ್ಲ, ಅದೇ ಕೆಲಸ. ಇಂಗ್ಲಿಷ್ ಆರಾಧನೆಯಲ್ಲಿ ಅವರು ಶ್ರುತಿ ಹಿಡಿದು ಶುರು ಮಾಡುತ್ತಾರೆ, ಎಲ್ಲರೂ ಸೇರಿಕೊಳ್ಳುತ್ತಾರೆ. ಹಾಡುವುದು 1650ರ ಸ್ಕಾಟಿಷ್ ಕೀರ್ತನ ಪುಸ್ತಕದ ಛಂದೋಬದ್ಧ ಕೀರ್ತನೆಗಳು. ಗೇಲಿಕ್ ಆರಾಧನೆ ಬೇರೆಯೇ ಲೋಕ. ಎತ್ತಿಕೊಡುವವರು ಒಂದು ಸಾಲನ್ನು ಬೇಗ ಬೇಗ ಹೇಳಿಬಿಡುತ್ತಾರೆ, ಜನ ಅದೇ ಸಾಲನ್ನು ನಿಧಾನಕ್ಕೆ ಎಳೆದು ಹಾಡುತ್ತಾರೆ. ಯಾರೂ ಒಂದೇ ತೆರ ಹಾಡುವುದಿಲ್ಲ. ಒಬ್ಬ ಅಜ್ಜಿ ಆ ಸ್ವರಕ್ಕೆ ಒಂದು ಚಿಕ್ಕ ಗಮಕ ಹಾಕಿ ಇಳಿಯುತ್ತಾರೆ, ಪಕ್ಕದ ಗಂಡಸು ಇನ್ನೂ ಮೇಲೆಯೇ ಇರುತ್ತಾನೆ, ಹಿಂದಿನ ಬೆಂಚಿನವರು ಆಗಷ್ಟೇ ಏರುತ್ತಿರುತ್ತಾರೆ. ಆದರೂ ರಾಗ ಒಂದೇ, ಯಾರೂ ದಾರಿ ತಪ್ಪುವುದಿಲ್ಲ. ಓದು ಬಾರದವರಿಗೆ, ಪುಸ್ತಕ ಇಲ್ಲದವರಿಗೆ ಅಂತ 1645ರ ಆರಾಧನಾ ಕ್ರಮದಲ್ಲಿ ಸಾಲು ಸಾಲಾಗಿ ಹೇಳಿಕೊಡಿ ಅಂದಿದ್ದರು. ಆ ತಾತ್ಕಾಲಿಕ ಏರ್ಪಾಡು ಗೇಲಿಕ್ ಜನರ ಕೈಗೆ ಸಿಕ್ಕು ಈ ರೂಪ ತಾಳಿದೆ. ಇತರ ಪ್ರೆಸ್ಬಿಟೇರಿಯನ್ ಸಭೆಗಳಲ್ಲೂ, ಮುಖ್ಯವಾಗಿ ಲೂಯಿಸ್ ದ್ವೀಪದಲ್ಲಿ, ಈ ಹಾಡುಗಾರಿಕೆ ಇದೆ. ಆದರೆ ಗೇಲಿಕ್ ಬಲ್ಲವರು ಕಡಿಮೆಯಾದಂತೆ ಅದೂ ಕಡಿಮೆಯಾಗುತ್ತಿದೆ.

ಪರಿಶುದ್ಧ ಭೋಜನ, ಅಂದರೆ ಕ್ರಿಸ್ತನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವುದು, ಇವರಿಗೆ ಒಂದು ದಿನದ ಕಾರ್ಯಕ್ರಮವಲ್ಲ, ಗುರುವಾರದಿಂದ ಸೋಮವಾರದವರೆಗೆ ನಡೆಯುತ್ತದೆ. ಗುರುವಾರ ಉಪವಾಸದ ದಿನ. ಶುಕ್ರವಾರ ಪ್ರಶ್ನೆಯ ದಿನ: ಹಿರಿಯರೊಬ್ಬರು ಬೈಬಲ್ಲಿನ ಒಂದು ವಾಕ್ಯ ಮುಂದಿಡುತ್ತಾರೆ, ನಿಜವಾದ ವಿಶ್ವಾಸದ ಗುರುತೇನು ಅಂತ ಮೀನುಗಾರರು, ರೈತರು ತಮ್ಮ ಅನುಭವದಿಂದ ಮಾತಾಡುತ್ತಾರೆ. ಶನಿವಾರ ಸಿದ್ಧತೆ, ಭಾನುವಾರ ಭೋಜನ, ಸೋಮವಾರ ಕೃತಜ್ಞತೆ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ವಾರ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಊರೂರಿನಿಂದ ಜನ ಬರುತ್ತಾರೆ, ಮನೆಗಳ ತುಂಬ ನೆಂಟರು, ಒಲೆ ಆರುವುದೇ ಇಲ್ಲ. ಭೋಜನಕ್ಕೆ ಕೂರಬೇಕಾದರೆ ಹಿರಿಯರು ಕೊಟ್ಟ ಟೋಕನ್ ಇರಬೇಕು. ಹಳೆಯ ಟೋಕನ್ನುಗಳನ್ನು ಮ್ಯೂಸಿಯಂಗಳಲ್ಲೂ ಇಟ್ಟಿದ್ದಾರೆ: ಸೀಸದ ಚಿಕ್ಕ ಬಿಲ್ಲೆ, ಮೇಲೆ ಊರಿನ ಹೆಸರು, ಇಸವಿ, ಕೈಯಿಂದ ಕೈಗೆ ದಾಟಿ ಅಂಚೆಲ್ಲ ಸವೆದದ್ದು.

ನನಗೆ ನೋವಾದದ್ದೂ ಇಲ್ಲಿಯೇ. ಜೀವಮಾನವಿಡೀ ಒಂದು ಭಾನುವಾರವೂ ತಪ್ಪಿಸದ ಎಷ್ಟೋ ಜನ, ತಾವು ಯೋಗ್ಯರಲ್ಲ ಅಂತ, ಒಮ್ಮೆಯೂ ಆ ಬಿಳಿ ಬಟ್ಟೆ ಹಾಸಿದ ಮೇಜಿಗೆ ಹೋಗುವುದಿಲ್ಲ. ನಮ್ಮಲ್ಲಿ ಬೆಂಚಿಗೆ ಬೆಂಚೇ ಎದ್ದು ಹೋಗುತ್ತದೆ, ಯೋಚನೆಯೂ ಮಾಡದೆ. ಅವರ ಭಯಭಕ್ತಿ ನಮಗೆ ಸ್ವಲ್ಪ ಬೇಕು, ನಿಜ. ಆದರೆ ಎಂಬತ್ತು ವರ್ಷದ ಮುದುಕಿಗೆ ಕರ್ತನ ಮೇಜು ದೂರವೇ ಉಳಿದರೆ, ಬೋಧನೆಯಲ್ಲಿ ಎಲ್ಲೋ ಕೃಪೆಗಿಂತ ಭಯದ ತೂಕ ಹೆಚ್ಚಾಗಿದೆ ಅಂತಲೇ ನನ್ನ ಅಭಿಪ್ರಾಯ. ಹೆಂಗಸರು ಸಭೆಯಲ್ಲಿ ಬೋಧಿಸುವಂತಿಲ್ಲ, ಹಿರಿಯರಾಗುವಂತಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ಸಿ.ಎಸ್.ಐ. 2013ರಲ್ಲಿ ಒಬ್ಬ ಮಹಿಳೆಯನ್ನು ಬಿಷಪ್ ಮಾಡಿದೆ. ಆ ಹೆಮ್ಮೆಯನ್ನು ನಾನು ಯಾರ ಮುಂದೆಯೂ ಬಿಡುವವಳಲ್ಲ.

ಇವರನ್ನು ಬರೀ ಮುಚ್ಚಿದ ಬಾಗಿಲಿನವರು ಅನ್ನುವವರು ಜಾನ್ ಬೊಯಾನಾ ರಡಾಸಿ ಹೆಸರು ಕೇಳಿರುವುದಿಲ್ಲ. ದಕ್ಷಿಣ ಆಫ್ರಿಕಾದ ಕಪ್ಪು ಮನುಷ್ಯ. 1904ರಲ್ಲಿ, ಸಾಮ್ರಾಜ್ಯದ ಸೊಕ್ಕು ನೆತ್ತಿಗೇರಿದ್ದ ಕಾಲದಲ್ಲಿ, ಈ ಸಭೆ ಅವರಿಗೆ ದೀಕ್ಷೆ ಕೊಟ್ಟು, ಇಂದಿನ ಜಿಂಬಾಬ್ವೆಯ ಬುಲವಾಯೋ ಕಡೆಗೆ ತನ್ನ ಮಿಷನರಿಯಾಗಿ ಕಳಿಸಿತು. ಆ ಮಿಷನ್ನಿನ ಶಾಲೆ, ಎಂಬುಮಾದ ಆಸ್ಪತ್ರೆ ಎಲ್ಲ ಆಮೇಲೆ ಬೆಳೆದವು. ಅಲ್ಲಿ ಆರಾಧನೆ ನಡೆಯುವುದು ಎನ್‌ಡೆಬೆಲೆ ಭಾಷೆಯಲ್ಲಿ.

ಈಗ ಕಹಿ ವಿಷಯ. ಲಾರ್ಡ್ ಮಕಾಯ್ ಆಫ್ ಕ್ಲಾಶ್‌ಫರ್ನ್ ಈ ಸಭೆಯ ಹಿರಿಯರಾಗಿದ್ದರು. ರೈಲ್ವೆ ಸಿಗ್ನಲ್‌ಮನ್ ಮಗ, ಗಣಿತ ಓದಿ ವಕೀಲರಾಗಿ, 1987ರಲ್ಲಿ ಬ್ರಿಟನ್ನಿನ ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಹೊಣೆ ಹೊತ್ತ ಹಿರಿಯ ಮಂತ್ರಿ, ಆದವರು. ತಮ್ಮ ಜೊತೆ ಕೆಲಸ ಮಾಡಿದ್ದ ಇಬ್ಬರು ಕ್ಯಾಥೊಲಿಕ್ ನ್ಯಾಯಾಧೀಶರು ತೀರಿಕೊಂಡಾಗ ಅವರ ಅಂತಿಮ ಪೂಜೆಗೆ ಹೋಗಿ ಕೂತು ಬಂದರು. ಅಷ್ಟಕ್ಕೇ ಸಭೆ ಅವರನ್ನು ಹಿರಿಯರ ಸ್ಥಾನದಿಂದ ಅಮಾನತು ಮಾಡಿತು, ಭೋಜನದಿಂದ ದೂರ ಇಟ್ಟಿತು. 1989ರಲ್ಲಿ ಸಭೆಯ ಅತ್ಯುನ್ನತ ಮಂಡಳಿಯಾದ ಸಿನಡ್ ಅದನ್ನೇ ಎತ್ತಿಹಿಡಿಯಿತು. ಹಲವು ಸಭಾಪಾಲಕರು, ಹಿರಿಯರು ಹೊರಬಂದು ಅಸೋಸಿಯೇಟೆಡ್ ಪ್ರೆಸ್ಬಿಟೇರಿಯನ್ ಚರ್ಚಸ್ ಎಂಬ ಬೇರೆ ಸಭೆ ಕಟ್ಟಿಕೊಂಡರು. ಮೊದಲೇ ಸಣ್ಣದಿದ್ದದ್ದು ಇನ್ನೂ ಸಣ್ಣದಾಯಿತು.

ಯಾವ ವಿಶ್ವಾಸ ಪ್ರಮಾಣಕ್ಕಾಗಿ 1893ರಲ್ಲಿ ಮೂವರು ಎಲ್ಲ ಬಿಟ್ಟರೋ, ಅದರ 20ನೇ ಅಧ್ಯಾಯವೇ ಹೇಳುತ್ತದೆ, ಮನಸ್ಸಾಕ್ಷಿಗೆ ಒಡೆಯ ದೇವರೊಬ್ಬನೇ ಅಂತ. ಮ್ಯಾಕ್‌ಫಾರ್ಲೇನ್ ತನ್ನ ಮನಸ್ಸಾಕ್ಷಿಗಾಗಿ ಮಹಾಸಭೆಯನ್ನೇ ಎದುರಿಸಬಹುದಾದರೆ, ಮಕಾಯ್ ತನ್ನ ಮನಸ್ಸಾಕ್ಷಿಗೆ ಓಗೊಟ್ಟು ಸತ್ತ ಗೆಳೆಯನಿಗೆ ಗೌರವ ಕೊಡಬಾರದೇ? ಇದಕ್ಕೆ ಸಮಾಧಾನದ ಉತ್ತರ ನನಗೆ ಯಾರಿಂದಲೂ ಸಿಕ್ಕಿಲ್ಲ. ಕ್ಯಾಥೊಲಿಕ್ ಪೂಜೆ ಬೈಬಲ್ಲಿಗೆ ವಿರುದ್ಧ ಅನ್ನುವುದು ಅವರ ಸಿದ್ಧಾಂತ, ಅದು ನನಗೆ ಗೊತ್ತು. ಆದರೆ ಹೋಗಿ ಕೂತದ್ದು ಪೂಜೆಗಲ್ಲ, ಸ್ನೇಹಕ್ಕೆ.

ನಮ್ಮ ಕಡೆ ಆದದ್ದು ಇದಕ್ಕೆ ಪೂರ್ತಿ ವಿರುದ್ಧ. 1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳೂ, ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್‌ನವರೂ ಮೊದಲೇ ಕೂಡಿ ಕಟ್ಟಿದ್ದ ಸಭೆಯೂ ಒಂದಾಗಿ ಸಿ.ಎಸ್.ಐ. ಆಯಿತು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆ್ಯಂಡ್ರೂಸ್, ಸ್ಕಾಟಿಷ್ ಪ್ರೆಸ್ಬಿಟೇರಿಯನ್ನರು ಕಟ್ಟಿದ್ದು, ಈಗ ಸಿ.ಎಸ್.ಐ.ಗೆ ಸೇರಿದೆ, ಅಲ್ಲಿ ಪೈಪ್ ಆರ್ಗನ್ ಇದೆ. ಒಂದಾದದ್ದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಊರಿಗೆ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಏನು ಕೇಳಿಸುತ್ತದೆ? ಕೀಬೋರ್ಡ್, ಡ್ರಮ್ಸ್, ಮುಂದೆ ಮೈಕ್ ಹಿಡಿದ ಐದಾರು ಹುಡುಗ ಹುಡುಗಿಯರು. ಹಿಂದೆ ಕೂತವರು ಹಾಡಿದರೂ ಒಂದೇ, ಬಿಟ್ಟರೂ ಒಂದೇ. ಇನ್ವರ್ನೆಸ್‌ನಲ್ಲಿ ನಾನು ಸುಮ್ಮನೆ ಕೂತರೆ ಪಕ್ಕದವರಿಗೆ ಗೊತ್ತಾಗುತ್ತದೆ. ನಮ್ಮ ಸಭಾಪಾಲಕರಲ್ಲಿ ನನ್ನ ವಿನಂತಿ: ತಿಂಗಳಿಗೆ ಒಂದು ಭಾನುವಾರ, ಒಂದೇ ಒಂದು ಕೀರ್ತನೆ, ವಾದ್ಯ ಮೈಕ್ ಎರಡನ್ನೂ ನಿಲ್ಲಿಸಿ ಹಾಡಿಸಿ. 23ನೆಯದರಿಂದಲೇ ಶುರು ಮಾಡಿ, ಅದು ಎಲ್ಲರಿಗೂ ಬಾಯಿಪಾಠ. ಎತ್ತಿಕೊಡಬಲ್ಲ ಅಜ್ಜ ಅಜ್ಜಿಯರು ಪ್ರತಿ ಸಭೆಯಲ್ಲೂ ಇನ್ನೂ ಇದ್ದಾರೆ, ಕೇಳಿದರೆ ಒಲ್ಲೆ ಅನ್ನುವವರಲ್ಲ.