ದೆವ್ವ ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಹೆದರೋದು ಹೇಗೆ?

ದೊಡ್ಡ ಬ್ಯಾನರ್‌ನ ಹಾರರ್ ಸಿನಿಮಾಗಳನ್ನು ನಾನು ಬಿಡದೆ ನೋಡುತ್ತೇನೆ. ಆದರೆ ಅವಕ್ಕೆ ಹೆದರುವುದು ನಿಂತು ತುಂಬಾ ಕಾಲವಾಯಿತು. ಅವುಗಳ ನಡೆಯೆಲ್ಲ ಬಾಯಿಪಾಠ ಆಗಿಬಿಟ್ಟಿದೆ. ಹಿನ್ನೆಲೆ ಸಂಗೀತ ತಟ್ಟನೆ ನಿಂತಿತಾ, ಏನೋ ಎಗರಿ ಬರುತ್ತೆ. ಬಾತ್‌ರೂಮಿನ ಕನ್ನಡಿ ಬಾಗಿಲು ತೆರೆದರಾ, ಮುಚ್ಚುವಾಗ ಅದರಲ್ಲಿ ಇನ್ನೊಂದು ಮುಖ ಇರುತ್ತೆ. ಮೊದಲ ಸಲ ಬೆಕ್ಕು, ಎರಡನೇ ಸಲ ದೆವ್ವ. ಮನೆಯಲ್ಲಿ ನಾಯಿ ಇದ್ದರೆ ಪಾಪ ಅದು ಸಾಯುತ್ತೆ. ಕೊನೆಗೆ ಸಂಸಾರ ಉಳಿಯುತ್ತೆ, ಮುಂದಿನ ಭಾಗಕ್ಕೆ ಅಂತ ಒಂದು ಗೊಂಬೆಯೂ ಉಳಿಯುತ್ತೆ. ಕುರ್ಚಿಯಿಂದ ಎಗರುವ ಹಾಗೆ ಮಾಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಬೆನ್ನ ಹಿಂದೆ ಪಟಾಕಿ ಹಚ್ಚಿದರೂ ನಾವು ಎಗರುತ್ತೇವೆ. ಅದಕ್ಕೆ ಭಯ ಅನ್ನೋಕಾಗುತ್ತಾ?

ಹೆಸರೇ ಕೇಳಿರದ ಒಂದು ಸಣ್ಣ ಸಿನಿಮಾ ಹಾಕಿಕೊಂಡಾಗ ಹೀಗಾಗಲ್ಲ. ಇದನ್ನು ಮಾಡಿದವರು ಯಾರೋ. ಅವರಿಗೆ ಈ ನಿಯಮಗಳೆಲ್ಲ ಗೊತ್ತಾ? ಗೊತ್ತಿದ್ದರೂ ಪಾಲಿಸುತ್ತಾರಾ? ಆ ಮಗುವನ್ನು ಉಳಿಸುತ್ತಾರಾ? ಕೊನೆಗೆ ಏನಾಯಿತು ಅಂತ ಹೇಳುತ್ತಾರಾ, ಅಥವಾ ಹಾಗೇ ಕೈಬಿಟ್ಟು ಹೋಗುತ್ತಾರಾ? ಯಾವುದಕ್ಕೂ ಗ್ಯಾರಂಟಿ ಇಲ್ಲ. ಸಿನಿಮಾ ಮಾಡಿದವನ ಮೇಲೇ ನಂಬಿಕೆ ಬರದೆ ಒದ್ದಾಡುತ್ತೇವಲ್ಲ, ದೊಡ್ಡ ಸ್ಟುಡಿಯೊಗಳ ಹಂಗಿಲ್ಲದ ಇಂಡಿ ಹಾರರ್‌ನ ನಿಜವಾದ ಬಂಡವಾಳ ಅದೇ ಅಂತ ನನ್ನ ವಾದ.

ಬಂಡವಾಳ ಅಂದ ತಕ್ಷಣ ಒಂದು ವಿಷಯ ಹೇಳಿಬಿಡುತ್ತೇನೆ. ಈ ಸಿನಿಮಾಗಳ ಮಾತು ತೆಗೆದರೆ ಸಾಕು, ಯಾರಾದರೂ ಬಜೆಟ್ ಲೆಕ್ಕ ಶುರು ಮಾಡುತ್ತಾರೆ. 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಗೆ ಹಾಕಿದ್ದು 15,000 ಡಾಲರ್, ಬಂದದ್ದು 19 ಕೋಟಿ ಡಾಲರ್‌ಗೂ ಜಾಸ್ತಿ ಅಂತೆಲ್ಲ. ಸರಿ ಸ್ವಾಮಿ, ಒಳ್ಳೆ ವ್ಯಾಪಾರ. ಆದರೆ ನೋಡುವವನಿಗೆ ಅದರಿಂದ ಏನಾಗಬೇಕು? ಕಡಿಮೆ ದುಡ್ಡಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗಲ್ಲ. ಕಡಿಮೆ ದುಡ್ಡಲ್ಲಿ ಮಾಡಿದ ಹಾರರ್ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ಕೆಟ್ಟದಾಗಿಯೇ ಇರುತ್ತವೆ. ನಾನು ಅವನ್ನೂ ನೋಡುತ್ತೇನೆ, ಅದು ಬೇರೆ ಮಾತು. ದುಡ್ಡಿಲ್ಲದಿದ್ದರೆ ಎಲ್ಲವನ್ನೂ ತೋರಿಸೋಕಾಗಲ್ಲ, ಹಾಗಾಗಿ ಏನನ್ನು ತೋರಿಸಬಾರದು ಅಂತ ಕೂತು ಯೋಚಿಸಬೇಕಾಗುತ್ತೆ. ಯೋಚಿಸಿದವರು ಗೆಲ್ಲುತ್ತಾರೆ. ಉಳಿದವರು ಕ್ಯಾಮೆರಾ ಅಲ್ಲಾಡಿಸುತ್ತಾರೆ.

ಹಾಗೆ ಯೋಚಿಸಿದವರಲ್ಲಿ ನನಗೆ ಮೊದಲು ನೆನಪಾಗುವುದು ಹರ್ಕ್ ಹಾರ್ವಿ. ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಊರಿನಲ್ಲಿ ಶಾಲೆಗಳಿಗೆ, ಕಾರ್ಖಾನೆಗಳಿಗೆ ಬೇಕಾದ ಸಣ್ಣ ಚಿತ್ರಗಳನ್ನು ಮಾಡುವ ಕಂಪನಿಯಲ್ಲಿ ಇದ್ದವರು. ಒಮ್ಮೆ ಕಾರಿನಲ್ಲಿ ಹೋಗುವಾಗ ಯೂಟಾದ ಗ್ರೇಟ್ ಸಾಲ್ಟ್ ಲೇಕ್ ದಡದಲ್ಲಿ ಪಾಳು ಬಿದ್ದ ಸಾಲ್ಟೇರ್ ಎಂಬ ಮನರಂಜನಾ ಮಂಟಪ ಕಣ್ಣಿಗೆ ಬಿತ್ತು. ಆ ಜಾಗ ತಲೆಯಲ್ಲಿ ಕೂತಿತು. ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಜಾನ್ ಕ್ಲಿಫರ್ಡ್ ಅವರಿಂದ ಕಥೆ ಬರೆಸಿ, ಸುಮಾರು 33,000 ಡಾಲರ್ ಹೊಂದಿಸಿ 'ಕಾರ್ನಿವಲ್ ಆಫ್ ಸೋಲ್ಸ್' ಮಾಡಿದರು. ಬಿಡುಗಡೆಯಾದದ್ದು 1962ರಲ್ಲಿ. ಮುಖ್ಯ ಪ್ರೇತದ ಪಾತ್ರವನ್ನೂ ಬಿಳಿ ಬಣ್ಣ ಬಳಿದುಕೊಂಡು ತಾವೇ ಮಾಡಿದರು. ಆಮೇಲೆ ಅವರು ಇನ್ನೊಂದು ಕಥಾಚಿತ್ರ ಮಾಡಲೇ ಇಲ್ಲ.

ಕಥೆ ಮೇಲ್ನೋಟಕ್ಕೆ ಸರಳ. ಸೇತುವೆಯಿಂದ ಕಾರು ನದಿಗೆ ಬೀಳುತ್ತೆ. ಅದರಲ್ಲಿದ್ದ ಮೇರಿ ಗಂಟೆಗಳ ನಂತರ ಕೆಸರು ಮೆತ್ತಿಕೊಂಡು ಎದ್ದು ಬರುತ್ತಾಳೆ. ಚರ್ಚೊಂದರಲ್ಲಿ ಆರ್ಗನ್ ನುಡಿಸುವ ಕೆಲಸ ಹಿಡಿದು ಬೇರೆ ಊರಿಗೆ ಹೋಗುತ್ತಾಳೆ. ಹೋದಲ್ಲೆಲ್ಲ ಆ ಬಿಳಿ ಮುಖ ಕಾಣಿಸುತ್ತೆ. ಅದು ಇರಲಿ, ಇವತ್ತಿನ ಕಣ್ಣಿಗೆ ಆ ಮುಖ ಅಂಥ ದೊಡ್ಡ ವಿಷಯವೇನಲ್ಲ. ನನ್ನನ್ನು ಹಿಡಿದು ಹಾಕುವುದು ಬಟ್ಟೆ ಅಂಗಡಿಯ ದೃಶ್ಯ. ಮೇರಿ ಟ್ರಯಲ್ ರೂಮಿನಿಂದ ಹೊರಗೆ ಬರುತ್ತಾಳೆ. ಅವಳ ಮಾತು ಅಂಗಡಿಯವಳಿಗೆ ಕೇಳಿಸುವುದಿಲ್ಲ. ಯಾರಿಗೂ ಅವಳು ಕಾಣಿಸುವುದೇ ಇಲ್ಲ. ಅಲ್ಲಿಯವರೆಗೆ ಕೇಳುತ್ತಿದ್ದ ಲೋಕದ ಸದ್ದೆಲ್ಲ ಪೂರ್ತಿ ನಿಂತುಹೋಗುತ್ತೆ. ಬೀದಿಯಲ್ಲಿ ವಾಹನ ಓಡಾಡುತ್ತಿವೆ, ಸದ್ದಿಲ್ಲ. ಜನ ಮಾತಾಡುತ್ತಿದ್ದಾರೆ, ಸದ್ದಿಲ್ಲ. ಆಮೇಲೆ ಪಾರ್ಕಿನಲ್ಲಿ ಒಂದು ಹಕ್ಕಿ ಕೂಗುತ್ತೆ, ಸದ್ದೆಲ್ಲ ವಾಪಸ್ ಬರುತ್ತೆ. ಇದಕ್ಕೆ ಎಷ್ಟು ಖರ್ಚಾಗಿರಬಹುದು ಹೇಳಿ? ಸದ್ದು ತೆಗೆಯೋದಕ್ಕೆ ದುಡ್ಡು ಬೇಕಾಗಲ್ಲ. ಹಗಲು ಹೊತ್ತು, ಬಿಸಿಲು, ಜನಜಂಗುಳಿ. ಹಾರರ್‌ಗೆ ಬೇಕು ಅನ್ನುವ ಕತ್ತಲೆ, ಮಳೆ, ಹಳೇ ಬಂಗಲೆ ಯಾವುದೂ ಇಲ್ಲ. ಆದರೂ ಆ ಕೆಲವು ನಿಮಿಷ ಎದೆ ಹಿಂಡುತ್ತೆ.

ಎರಡನೆಯದು 'ಲೇಕ್ ಮಂಗೊ'. ಆಸ್ಟ್ರೇಲಿಯಾದ್ದು, 2008ರದ್ದು, ನಿರ್ದೇಶಕ ಜೋಯಲ್ ಆಂಡರ್ಸನ್. ಇದನ್ನು ಯಾರಿಗಾದರೂ ನೋಡಿ ಅಂದರೆ ಸಾಮಾನ್ಯವಾಗಿ ಬರುವ ಉತ್ತರ: "ಅದರಲ್ಲಿ ಏನೂ ಆಗಲ್ವಲ್ಲ ಗುರು." ಇದು ಸಾಕ್ಷ್ಯಚಿತ್ರದ ವೇಷ ಹಾಕಿಕೊಂಡ ಸಿನಿಮಾ. ಅರಾರಟ್ ಎಂಬ ಊರಿನಲ್ಲಿ ಆಲಿಸ್ ಪಾಮರ್ ಎಂಬ ಹದಿನಾರರ ಹುಡುಗಿ ನೀರಿನಲ್ಲಿ ಮುಳುಗಿ ಸಾಯುತ್ತಾಳೆ. ಅಪ್ಪ, ಅಮ್ಮ, ಅಣ್ಣ ಕ್ಯಾಮೆರಾ ಮುಂದೆ ಕೂತು ಅವಳ ಬಗ್ಗೆ ಮಾತಾಡುತ್ತಾರೆ. ನಟರಿಗೆ ಸಂಭಾಷಣೆ ಬರೆದು ಕೊಟ್ಟಿರಲಿಲ್ಲ, ಸನ್ನಿವೇಶ ಹೇಳಿ ಮಾತಾಡಿಸಿದ್ದರು. ಹಾಗಾಗಿ ಮಾತಿನ ನಡುವೆ ತಡವರಿಕೆ, ಅರ್ಧಕ್ಕೆ ನಿಲ್ಲುವ ವಾಕ್ಯ ಎಲ್ಲ ಇದೆ. ದುಃಖದಲ್ಲಿರುವವರು ನಿಜವಾಗಿಯೂ ಹಾಗೇ ಮಾತಾಡೋದು ಅಲ್ವಾ?

ಮನೆಯಲ್ಲಿ ತೆಗೆದ ಫೋಟೊ, ವಿಡಿಯೊಗಳಲ್ಲಿ ಆಲಿಸ್‌ಳ ಆಕೃತಿ ಕಾಣುತ್ತೆ. ಸ್ವಲ್ಪ ಹೊತ್ತಿಗೆ ಅದು ಸುಳ್ಳು, ಯಾರೋ ಬೇಕಂತಲೇ ಮಾಡಿದ್ದು ಅಂತ ಸಿನಿಮಾವೇ ಹೇಳಿಬಿಡುತ್ತೆ. ಇಲ್ಲಿ ನೋಡುವವನು ಸ್ವಲ್ಪ ಮೈ ಸಡಿಲ ಬಿಡುತ್ತಾನೆ. ಓ, ಇದು ದೆವ್ವದ ಕಥೆ ಅಲ್ಲ, ಸಂಕಟದ ಕಥೆ ಅಂತ. ಆಮೇಲೆ ಮೊಬೈಲ್‌ನಲ್ಲಿ ತೆಗೆದ ಒಂದು ಮಸುಕು ವಿಡಿಯೊ ಬರುತ್ತೆ. ಅದರಲ್ಲಿ ಏನಿದೆ ಅಂತ ನಾನು ಹೇಳಲ್ಲ. ಅದು ಇಡೀ ಸಿನಿಮಾದಲ್ಲಿ ಒಂದೇ ಒಂದು 'ಹೆದರಿಸುವ' ಜಾಗ. ಆದರೆ ನನಗೆ ಅದಕ್ಕಿಂತ ಕ್ರೂರ ಅನಿಸಿದ್ದು ಕೊನೆಯ ಕ್ರೆಡಿಟ್ಸ್. ದಯವಿಟ್ಟು ಹೆಸರು ಓಡುವಾಗ ಎದ್ದು ಹೋಗಬೇಡಿ. ನಾವು ಅಷ್ಟೂ ಹೊತ್ತು ಚೌಕಟ್ಟಿನ ತಪ್ಪು ಮೂಲೆಯನ್ನು ನೋಡುತ್ತಿದ್ದೆವು ಅಂತ ಅಲ್ಲಿ ಗೊತ್ತಾಗುತ್ತೆ. ದೊಡ್ಡ ಸ್ಟುಡಿಯೊ ಆಗಿದ್ದರೆ ಇಂಥದ್ದನ್ನು ಕ್ರೆಡಿಟ್ಸ್‌ಗೆ ತಳ್ಳೋಕೆ ಬಿಡುತ್ತಿತ್ತಾ? ಪ್ರೇಕ್ಷಕ ಗಮನಿಸದಿದ್ದರೆ ಏನು ಗತಿ ಅಂತ ಕೆಂಪು ವೃತ್ತ ಹಾಕಿ ತೋರಿಸಿರೋರು.

ಇನ್ನು 'ಸ್ಕಿನಮರಿಂಕ್' ಬಗ್ಗೆ ಜಗಳ ಇದ್ದದ್ದೇ. ಕೆನಡಾದ ಕೈಲ್ ಎಡ್ವರ್ಡ್ ಬಾಲ್ ಸುಮಾರು 15,000 ಡಾಲರ್‌ನಲ್ಲಿ, ಎಡ್ಮಂಟನ್‌ನಲ್ಲಿ ತಾನು ಬೆಳೆದ ಮನೆಯಲ್ಲೇ ಚಿತ್ರೀಕರಿಸಿದ್ದು. ರಾತ್ರಿ ಎದ್ದ ಇಬ್ಬರು ಮಕ್ಕಳು, ಅಪ್ಪ ಕಾಣುತ್ತಿಲ್ಲ, ಮನೆಯ ಬಾಗಿಲು ಕಿಟಕಿ ಒಂದೊಂದಾಗಿ ಮಾಯ. ಕ್ಯಾಮೆರಾ ಮಕ್ಕಳ ಮುಖ ತೋರಿಸುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೋಡೆ, ಸೀಲಿಂಗ್, ಕಾರ್ಪೆಟ್, ಟಿವಿ ಬೆಳಕು. ಟಿವಿಯಲ್ಲಿ ಓಡುವುದು ಹಕ್ಕುಸ್ವಾಮ್ಯ ಮುಗಿದ ಹಳೇ ಕಾರ್ಟೂನುಗಳು. ದುಡ್ಡು ಕೊಡಬೇಕಿಲ್ಲ ಅಂತ ಹಾಕಿದ್ದೇ ಇರಬಹುದು, ಆದರೆ ಒಂದೇ ತುಣುಕು ಮತ್ತೆ ಮತ್ತೆ ಓಡುವಾಗ ಹೊಟ್ಟೆಯೊಳಗೆ ಏನೋ ಆಗುತ್ತೆ.

ಇದು ಅದ್ಭುತ ಅನ್ನುವವರ ಜೊತೆಗೂ ನಾನಿಲ್ಲ, ದುಡ್ಡು ದಂಡ ಅನ್ನುವವರ ಜೊತೆಗೂ ಇಲ್ಲ. ಮೊದಲ ಅರ್ಧ ಗಂಟೆ ಉಸಿರು ಬಿಗಿ ಹಿಡಿಸುತ್ತೆ. ಆಮೇಲೆ ಗೋಡೆ ಬರೀ ಗೋಡೆಯಾಗಿ ಕಾಣೋಕೆ ಶುರುವಾಗುತ್ತೆ. ಇದೇ ನಿರ್ದೇಶಕ ಇದಕ್ಕೂ ಮೊದಲು 2020ರಲ್ಲಿ 'ಹೆಕ್' ಅಂತ ಅರ್ಧ ಗಂಟೆಯೊಳಗಿನ ಕಿರುಚಿತ್ರ ಮಾಡಿದ್ದರು. ಇದರ ಬೀಜ ಅಲ್ಲಿದೆ. ಅಳತೆ ನೋಡಿದರೆ ಅದೇ ಸರಿಯಾಗಿತ್ತು ಅನಿಸುತ್ತೆ.

ಕೆಟ್ಟವುಗಳ ಬಗ್ಗೆಯೂ ಒಂದಷ್ಟು ಹೇಳಬೇಕು, ಇಲ್ಲದಿದ್ದರೆ ನಾನು ಸುಮ್ನೆ ಹೊಗಳುಭಟ ಆಗಿಬಿಡುತ್ತೇನೆ. ಇಂಡಿ ಹಾರರ್‌ಗೂ ಈಗ ಅದರದ್ದೇ ಬಾಯಿಪಾಠ ಬಂದಿದೆ. 2014ರಲ್ಲಿ ಜೆನಿಫರ್ ಕೆಂಟ್ ಅವರ 'ದ ಬಾಬಡೂಕ್' ಬಂತು. ಗಂಡನನ್ನು ಕಳೆದುಕೊಂಡ ತಾಯಿಯ ದುಃಖವೇ ಅಲ್ಲಿ ರಾಕ್ಷಸನಾಗಿತ್ತು. ಚೆನ್ನಾಗಿತ್ತು, ಒಪ್ಪಿದೆ. ಅದರ ನಂತರ ಯಾವ ಸಣ್ಣ ಹಾರರ್ ತೆಗೆದರೂ ಅದೇ. ಮಗು ಸತ್ತಿದೆ, ದಂಪತಿ ಕಾಡಿನೊಳಗಿನ ಮನೆಗೆ ಹೋಗುತ್ತಾರೆ, ಒಂದು ಗಂಟೆ ಕಿಟಕಿಯಿಂದ ಹೊರಗೆ ನೋಡುತ್ತಾರೆ, ಕೊನೆಯಲ್ಲಿ ದೆವ್ವ ಅಂದರೆ ಅವರ ದುಃಖ ಅಂತ ನಮಗೆ ಅರ್ಥವಾಗಬೇಕು. ಅರ್ಥವಾಯಿತಪ್ಪ, ಮೊದಲ ಹತ್ತು ನಿಮಿಷಕ್ಕೇ ಅರ್ಥವಾಯಿತು. ದೆವ್ವಕ್ಕೆ ದೆವ್ವವಾಗಿಯೇ ಇರೋಕೆ ಯಾಕೆ ಬಿಡಲ್ಲ? ಎಲ್ಲ ದೆವ್ವಕ್ಕೂ ಅರ್ಥ ಹಚ್ಚಿದ ಮೇಲೆ ಗ್ಯಾರಂಟಿ ಕೊಟ್ಟ ಹಾಗೇ ಆಯಿತು. ಅಪಾಯವೇ ಇಲ್ಲ.

ಇದೇ ದುಃಖದ ಕಥೆಯನ್ನು ಬೇರೆ ಥರ ಮಾಡಬಹುದು ಅನ್ನೋಕೆ 'ಎ ಡಾರ್ಕ್ ಸಾಂಗ್' ಇದೆ. 2016ರದ್ದು, ಲಿಯಾಮ್ ಗ್ಯಾವಿನ್ ಅವರ ಮೊದಲ ಸಿನಿಮಾ. ಮಗನನ್ನು ಕಳೆದುಕೊಂಡ ತಾಯಿ ಒಂದು ಒಂಟಿ ಮನೆ ಬಾಡಿಗೆಗೆ ಹಿಡಿದು ಮಾಂತ್ರಿಕನೊಬ್ಬನನ್ನು ಕರೆಸುತ್ತಾಳೆ. ಮನೆಯ ಸುತ್ತ ಉಪ್ಪಿನ ಗೆರೆ ಎಳೆದ ಮೇಲೆ ವಿಧಿ ಮುಗಿಯುವವರೆಗೆ, ಅಂದರೆ ತಿಂಗಳುಗಟ್ಟಲೆ, ಇಬ್ಬರೂ ಆಚೆ ಹೋಗುವಂತಿಲ್ಲ. ಮಾಂತ್ರಿಕ ಅಂದರೆ ಕಪ್ಪು ನಿಲುವಂಗಿ ತೊಟ್ಟವನಲ್ಲ, ಸಿಡುಕು ಮುಖದ, ಕುಡಿತದ ಚಟದ ಮನುಷ್ಯ. ಮಂತ್ರ ಅನ್ನೋದು ಇಲ್ಲಿ ಉಪವಾಸ, ನಿದ್ದೆಗೇಡು, ಚಳಿ, ಬೈಗುಳ. ಬರೀ ದುಡಿತ. ಇವನು ನಿಜವಾದ ಮಾಂತ್ರಿಕನಾ, ಮೋಸಗಾರನಾ ಅಂತ ಬಹಳ ಹೊತ್ತು ಗೊತ್ತಾಗಲ್ಲ. ತೋರಿಸದೇ ಇರುವುದೇ ದೊಡ್ಡತನ ಅಂತ ನಾನು ಇಷ್ಟು ಹೊತ್ತು ಹೇಳಿದೆನಲ್ಲ, ಈ ಸಿನಿಮಾ ಉಲ್ಟಾ ಮಾಡುತ್ತೆ. ಕೊನೆಯಲ್ಲಿ ಒಂದು ಆಕಾರವನ್ನು ಪೂರ್ತಿಯಾಗಿ ಕಣ್ಣ ಮುಂದೆ ತಂದು ನಿಲ್ಲಿಸುತ್ತೆ. ಇಷ್ಟು ಸಣ್ಣ ಸಿನಿಮಾ ಹಾಗೆ ಮಾಡೋಕೆ ಧೈರ್ಯ ಬೇಕು. ನಗು ಬರುವ ಅಪಾಯ ಪೂರ್ತಿ ಇತ್ತು. ನನಗೆ ಬರಲಿಲ್ಲ. ನೋಡಿದವರಲ್ಲಿ ಕೆಲವರಿಗೆ ಬಂದಿದೆ, ಅವರನ್ನು ನಾನು ದೂರಲ್ಲ.

ಸಿನಿಮಾ ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆ ಕಥೆಯ ಹೊರಗೂ ಇದೆ. 1972ರಲ್ಲಿ ಬಿಲ್ ಗನ್ ಎಂಬ ಕಪ್ಪು ವರ್ಣೀಯ ನಿರ್ದೇಶಕರಿಗೆ ನಿರ್ಮಾಪಕರು ಒಂದು ರಕ್ತಪಿಶಾಚಿ ಸಿನಿಮಾ ಮಾಡಿಕೊಡಿ ಅಂದರು. ಅದೇ ವರ್ಷ 'ಬ್ಲ್ಯಾಕ್ಯುಲಾ' ಓಡಿತ್ತು, ಅಂಥದ್ದೇ ಇನ್ನೊಂದು ಬೇಕಿತ್ತು. ಗನ್ ಮಾಡಿಕೊಟ್ಟದ್ದು 'ಗಾಂಜಾ ಅಂಡ್ ಹೆಸ್' (1973). ರಕ್ತದ ಚಟ, ಧರ್ಮ, ಪ್ರೀತಿ ಎಲ್ಲ ಕಲಸಿಹೋದ, ಕನಸಿನ ಥರ ಜಾರುವ ಸಿನಿಮಾ. ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿಮರ್ಶಕರ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಆಮೇಲೆ ಕತ್ತರಿ ಬಿತ್ತು. ಮಾಮೂಲಿ ಪಿಶಾಚಿ ಸಿನಿಮಾದ ಹಾಗೆ ಕಾಣಲಿ ಅಂತ ಕತ್ತರಿಸಿ, ಜೋಡಿಸಿ, 'ಬ್ಲಡ್ ಕಪಲ್' ಅಂತ ಬೇರೆ ಹೆಸರಿಟ್ಟು ಬಿಟ್ಟರು. ಮೂಲ ರೂಪದ ಪ್ರಿಂಟ್ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಇದ್ದುದರಿಂದ ಉಳಿಯಿತು. ಬಾಯಿಪಾಠದ ನಿಯಮಗಳು ಎಲ್ಲಿಂದ ಬರುತ್ತವೆ ಅಂತ ಕೇಳಿದರೆ, ಇಂಥ ಕತ್ತರಿಗಳಿಂದ ಅಂತ ಹೇಳುತ್ತೇನೆ.

ಇದರ ನಾಯಕ ಡ್ವೇನ್ ಜೋನ್ಸ್. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ನಾಯಕನೂ ಇವರೇ. ಅದನ್ನು ಯಾರೂ ಕೇಳಿಲ್ಲ ಅನ್ನೋಕಾಗಲ್ಲ. ಆದರೆ ಅದರ ಹೆಸರು ಬದಲಾಯಿಸುವಾಗ ವಿತರಕರು ಹಕ್ಕುಸ್ವಾಮ್ಯದ ಸಾಲನ್ನು ಹಾಕೋದನ್ನೇ ಮರೆತರು, ಅಂದಿನ ಅಮೆರಿಕದ ಕಾನೂನಿನಂತೆ ಸಿನಿಮಾ ಎಲ್ಲರ ಸೊತ್ತಾಯಿತು. ಮಾಡಿದವರಿಗೆ ನಷ್ಟ. ಆದರೆ ಇವತ್ತಿನ ಎಲ್ಲ ಜಾಂಬಿಗಳೂ, ಅಂದರೆ ಎದ್ದು ಓಡಾಡುವ ಹೆಣಗಳೂ, ಹುಟ್ಟಿದ್ದು ಅಲ್ಲಿಂದಲೇ.

ಜಾಂಬಿ ಅಂದಾಗ ಎರಡು ಹೆಸರು. ಜೆರೆಮಿ ಗಾರ್ಡ್ನರ್ 6,000 ಡಾಲರ್‌ನಲ್ಲಿ ಮಾಡಿದ 'ದ ಬ್ಯಾಟರಿ'ಯಲ್ಲಿ (2012) ಜಾಂಬಿಗಳಿಗಿಂತ ಇಬ್ಬರು ಬೇಸ್‌ಬಾಲ್ ಆಟಗಾರರ ಬೇಸರ, ಕಿತ್ತಾಟವೇ ಜಾಸ್ತಿ. ಕೊನೆಗೆ ಅವರು ಕಾರಿನೊಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಬ್ಬ ಹೊರಗೆ ಹೋಗುತ್ತಾನೆ, ಕ್ಯಾಮೆರಾ ಒಳಗೆ ಕಾಯುವವನ ಜೊತೆ ನಿಮಿಷಗಟ್ಟಲೆ ಅಲ್ಲಾಡದೆ ಕೂರುತ್ತೆ. ಕತ್ತರಿ ಇಲ್ಲ. ಇನ್ನೊಂದು ಜಪಾನಿನ 'ಒನ್ ಕಟ್ ಆಫ್ ದ ಡೆಡ್'. ಶುರುವಿನ 37 ನಿಮಿಷ ಒಂದೇ ಶಾಟ್. ಅದು ಮುಗಿಯೋವರೆಗೆ ಕೆಟ್ಟ ಸಿನಿಮಾ ಅಂತಲೇ ಅನಿಸುತ್ತೆ. ಬೈದುಕೊಂಡಾದರೂ ಕೂತಿರಿ. ಇದಕ್ಕಿಂತ ಜಾಸ್ತಿ ಹೇಳಿದರೆ ಪಾಪ ತಟ್ಟುತ್ತೆ.

2020ರ 'ಹೋಸ್ಟ್' ಬಗ್ಗೆ ಎಲ್ಲರೂ ಬರೆದಾಗಿದೆ. ಲಾಕ್‌ಡೌನ್‌ನಲ್ಲಿ ಝೂಮ್ ಕರೆಯ ಮೇಲೇ ಮಾಡಿದ್ದು, ನಟರು ತಮ್ಮ ಮನೆಯಲ್ಲಿ ತಾವೇ ಕ್ಯಾಮೆರಾ, ಲೈಟು ನೋಡಿಕೊಂಡದ್ದು. ಒಂದು ಗಂಟೆಯೂ ಇಲ್ಲ. ಅದರಲ್ಲಿರೋದು ತಟ್ಟನೆ ಎಗರಿ ಬಂದು ಹೆದರಿಸುವ ಹಳೇ ಜಂಪ್ ಸ್ಕೇರ್‌ಗಳೇ, ಆದರೆ ಅಚ್ಚುಕಟ್ಟು.

ಯಾವುದರಿಂದ ಶುರು ಮಾಡೋದು ಅಂತ ಕೇಳಿದರೆ, ಗೆಳೆಯರ ಗುಂಪಿನಲ್ಲಿ ನೋಡೋದಾದರೆ 'ಒನ್ ಕಟ್'. ಹಾರರ್ ಅಂದರೆ ದೂರ ಓಡುವವರ ಜೊತೆಗೂ ಅದು ನಡೆಯುತ್ತೆ. ಒಬ್ಬರೇ ಇದ್ದರೆ 'ಲೇಕ್ ಮಂಗೊ', ಫೋನ್ ಬೇರೆ ರೂಮಿನಲ್ಲಿಟ್ಟು. 'ಕಾರ್ನಿವಲ್ ಆಫ್ ಸೋಲ್ಸ್' ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಇಲ್ಲದ ಸಿನಿಮಾ, ಹಾಗಾಗಿ ನೆಟ್ಟಿನಲ್ಲಿ ಹತ್ತಾರು ಪ್ರತಿ ಸಿಗುತ್ತವೆ. ಗೊರಗೊರ ಸದ್ದಿನ ಪ್ರತಿ ನೋಡಬೇಡಿ, ಶುಚಿಗೊಳಿಸಿದ್ದನ್ನೇ ಹುಡುಕಿ. ಇಲ್ಲದಿದ್ದರೆ ಆ ಬಟ್ಟೆ ಅಂಗಡಿಯ ನಿಶ್ಶಬ್ದ ಕೈಗೆ ಸಿಗೋದೇ ಇಲ್ಲ. ಯಾವುದಕ್ಕೂ ಟ್ರೈಲರ್ ನೋಡಬೇಡಿ. ಸಣ್ಣ ಸಿನಿಮಾದ ಒಂದೇ ಒಂದು ಒಳ್ಳೆ ಹೆದರಿಕೆಯನ್ನು ಟ್ರೈಲರ್ ಮಾಡುವವರು ಮೊದಲೇ ಖರ್ಚು ಮಾಡಿರುತ್ತಾರೆ. ಇನ್ನು 'ಸ್ಕಿನಮರಿಂಕ್' ನೋಡಿ ನಿದ್ದೆ ಬಂದರೆ ನನ್ನನ್ನು ಬೈಯಬೇಡಿ, ಮೊದಲೇ ಹೇಳಿದ್ದೇನೆ.