ಹೇಳದೆ ತಂದ ಡೇರೆ

ಡೇರೆ ಗೆಡ್ಡೆಗೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆಗೆ, ಮುಖ ಇಲ್ಲ. ಕೆಂಪು ಹೂವಿನದ್ದಾಗಲಿ, ಹಳದಿಯದ್ದಾಗಲಿ, ಊಟದ ತಟ್ಟೆಯಷ್ಟು ದೊಡ್ಡ ಬಿಳಿ ಹೂ ಬಿಡುವುದಾಗಲಿ, ಮಣ್ಣೊಳಗೆ ಎಲ್ಲ ಒಂದೇ ನಮೂನೆಯ ಬಡಕಲು ಗೆಣಸು. ಶ್ರಾವಣದಲ್ಲಿ ಮೆರೆದ ಗಿಡ ದೀಪಾವಳಿ ಹೊತ್ತಿಗೆ ಒಣಗಿ ಬಿದ್ದರೆ, ಮುಂದಿನ ಮಳೆಗಾಲದವರೆಗೆ ಯಾರು ಯಾರೆಂದು ಹೇಳುವವರಿಲ್ಲ. ಅದಕ್ಕೇ ನನಗೆ ಚೀಟಿಯ ಹುಚ್ಚು ಹಿಡಿದದ್ದು.

ಮಲೆನಾಡಿನ ಹೆಂಗಸರಿಗೆ ಮಳೆಗಾಲ ಬರುವುದೇ ಡೇರೆಗಾಗಿ. ಗದ್ದೆ, ತೋಟ, ಅಡಿಕೆಯ ಕೊಳೆರೋಗ ಎಲ್ಲ ಗಂಡಸರ ಲೆಕ್ಕ. ಸಿಮೆಂಟ್ ಚೀಲ, ಎಣ್ಣೆ ಡಬ್ಬ, ಒಡೆದ ಬಕೆಟ್ಟು, ಎಲ್ಲಕ್ಕೂ ಮಣ್ಣು ತುಂಬಿ ಅಂಗಳದ ಅಂಚಿಗೆ ಸಾಲಾಗಿ ಇಟ್ಟರೆ ನಮ್ಮ ಸಂಸ್ಥಾನ ಸಿದ್ಧ. ಇದರಲ್ಲಿ ದುಡ್ಡಿನ ವ್ಯವಹಾರ ಕಡಿಮೆ, ಕೊಟ್ಟು ತರುವುದೇ ಹೆಚ್ಚು. ಹಾಗಾಗಿ ಹೂವಿನ ಹೆಸರೆಂದರೆ ಅದು ಬಂದ ದಾರಿಯ ಹೆಸರು: ಸಾಗರದ ಚಿಕ್ಕಮ್ಮನ ಕೇಸರಿ, ಟೀಚರ್ ಹಳದಿ, ಉಪನಯನದ ನೇರಳೆ. ಗಿಡಕ್ಕೆ ಎರಡೇ ಪದದ ಹೆಸರು ಸಾಕೆಂದು 1753ರಲ್ಲಿ ಲಿನೇಯಸ್ ಎಂಬ ಸ್ವೀಡನ್ನಿನ ಪಂಡಿತ ತೀರ್ಮಾನಿಸಿಬಿಟ್ಟ. ಅವನಿಗೆ ನಮ್ಮ ಕಡೆಯ ನೆಂಟಸ್ತಿಕೆ ಗೊತ್ತಿರಲಿಲ್ಲ. ಅವನ ಶಿಷ್ಯ ಆಂಡರ್ಸ್ ಡಾಲ್ ಎಂಬವನ ಹೆಸರನ್ನೇ ಮೆಕ್ಸಿಕೋದಿಂದ ಬಂದ ಈ ಗಿಡಕ್ಕೆ ಇಟ್ಟರಂತೆ, 1791ರಲ್ಲಿ. ಆ ಪುಣ್ಯಾತ್ಮ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದ. ಚೀಟಿಯ ವಿಷಯದಲ್ಲಿ ಈ ಹೂವಿನ ಹಣೆಬರಹ ಮೊದಲಿನಿಂದಲೂ ಹೀಗೇ.

ಮೊದಲ ವರ್ಷ ಮಗಳ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು, ಹೆಸರು ಬರೆದು, ಮೇಲೆ ಕೆಳಗೆ ಸೆಲ್ಲೋಟೇಪು ಸುತ್ತಿದೆ. ಟೇಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ನಮ್ಮ ಮಳೆಗೆ ಅದು ಹೆಬ್ಬಾಗಿಲು. ಪುನರ್ವಸು ಮುಗಿಯುವುದರೊಳಗೆ ಒಳಗಿನ ಶಾಯಿ ಕದಡಿ ಎಲ್ಲ ಹೂಗಳೂ ತಿಳಿನೀಲಿಯಾದವು. ಉಳಿದ ಕಾಗದವನ್ನು ಬಸವನಹುಳುಗಳು ಊಟ ಮಾಡಿದವು. ಅವಕ್ಕೆ ಕಾಗದ ಇಷ್ಟೊಂದು ರುಚಿಯೆಂದು ನನಗೆ ಅವತ್ತೇ ಗೊತ್ತಾದದ್ದು. ಎರಡನೇ ವರ್ಷ ಐಸ್‌ಕ್ರೀಂ ಕಡ್ಡಿ. ಅದಕ್ಕೆ ಅಣಬೆ ಬಂತು. ಅಣಬೆಗೊಂದು ಚೀಟಿ ಬೇಕಿತ್ತೇನೋ.

ಮೂರನೇ ವರ್ಷ ಪೇಟೆಗೆ ಹೋಗಿ ಪರ್ಮನೆಂಟ್ ಮಾರ್ಕರ್ ತಂದೆ. ಖಾಲಿಯಾದ ಪೇಂಟ್ ಬಕೆಟ್ಟನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು ಚುಚ್ಚಿದೆ. ಮಳೆಗಾಲ ಪೂರ್ತಿ ಒಂದು ಒತ್ತೂ ಅಳಿಸಲಿಲ್ಲ. ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾನೋ ಗೆಡ್ಡೆ ಕಿತ್ತು ಬೂದಿಯಲ್ಲಿ ಹೊರಳಿಸಿ ಅಟ್ಟಕ್ಕೆ ಹಾಕುವ ಶಿಸ್ತಿನವಳಲ್ಲ, ಚೀಲದಲ್ಲೇ ಬಿಡುವವಳು. ಮಾರ್ಚ್, ಏಪ್ರಿಲ್ ಬಿಸಿಲು ಚೀಟಿಗಳ ಮೇಲೆ ಬಿತ್ತು. ಮೇ ತಿಂಗಳಲ್ಲಿ ಮಣ್ಣು ಬದಲಿಸಲು ಹೋದರೆ ಮೂವತ್ತು ಚೀಲಕ್ಕೆ ಮೂವತ್ತು ಬಿಳಿ ಪಟ್ಟಿ, ಸ್ಮಶಾನದ ಹಾಗೆ. ಮಾರ್ಕರಿನ ಬಣ್ಣಕ್ಕೆ ನೀರಿನ ಭಯ ಇಲ್ಲ, ನಿಜ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಒಳಗಿಂದಲೇ ಮುರಿದು ಹಾಕುತ್ತದಂತೆ. ಪರ್ಮನೆಂಟ್ ಎಂದರೆ ಎಷ್ಟು ದಿನ ಎಂದು ಅಂಗಡಿಯಲ್ಲಿ ಕೇಳಿಕೊಂಡು ಬರಬೇಕಿತ್ತು.

ನಡುವೆ ಉಗುರುಬಣ್ಣದ ಪ್ರಯೋಗವೂ ನಡೆಯಿತು. ಹೊಳೆಯಿಂದ ನುಣುಪಾದ ಕಲ್ಲು ತಂದು, ಮಗಳ ಕೆಂಪು ಉಗುರುಬಣ್ಣದಲ್ಲಿ ಹೆಸರು ಬರೆದು ಚೀಲಕ್ಕೊಂದು ಇಟ್ಟೆ. ನೀರಿಗೂ ಜಗ್ಗಲಿಲ್ಲ, ಬಿಸಿಲಿಗೂ ಜಗ್ಗಲಿಲ್ಲ. ಆದರೆ ಒಂದು ದಿನ ಗಾಳಿಗೆ ಸೌದೆ ಮೇಲಿನ ಪ್ಲಾಸ್ಟಿಕ್ ಹಾರಿತೆಂದು ನಮ್ಮ ಮನೆಯವರು ಕೈಗೆ ಸಿಕ್ಕ ಕಲ್ಲನ್ನೆಲ್ಲ ಒಯ್ದು ಅದರ ಮೇಲೆ ಹೇರಿದರು. ನಮ್ಮ ಸೌದೆ ರಾಶಿಯಲ್ಲಿ ಈಗಲೂ ಸಾಗರದ ಚಿಕ್ಕಮ್ಮ ಕೂತಿದ್ದಾರೆ.

ಮನೆಯವರ ಮೇಲಿನ ಈ ಸಿಟ್ಟಿನಲ್ಲೇ ನನ್ನ ಕಣ್ಣು ಅವರ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಮೇಲೆ ಬಿದ್ದದ್ದು. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಎಲ್ಲರಿಗೂ ಗೊತ್ತು: ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ಅವರು ಕತ್ತಿಯ ಮೊನೆಯನ್ನು ಅದ್ದುತ್ತಾರೆ. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣಕ್ಕೆ ಹತ್ತುವ ತಾಮ್ರ ಸತುವಿಗೆ ಬಿಟ್ಟೀತೆ? ಹಿಂದಿನ ಕಾಲದ ತೋಟಗಾರರು ಸತುವಿನ ಪಟ್ಟಿಯ ಮೇಲೆ ತುತ್ತದ ನೀರಿನಲ್ಲೇ ಬರೆಯುತ್ತಿದ್ದರೆಂದು ಎಲ್ಲೋ ಓದಿದ ನೆನಪೂ ಇತ್ತು. ಕೊಟ್ಟಿಗೆಯ ಹಿಂದೆ ಸತುವು ಬಳಿದ ತಗಡಿನ ತುಂಡು ಬಿದ್ದಿತ್ತು. ತುತ್ತ ಕರಗಿಸಿ, ತೆಂಗಿನ ಗರಿಯ ಕಡ್ಡಿ ಅದ್ದಿ ಬರೆದೆ. ಅಕ್ಷರ ಕ್ಷಣದಲ್ಲಿ ಕಪ್ಪಗೆ ಮೂಡಿತು. ರೋಮಾಂಚನವಾಯಿತು ಎಂದರೆ ಸುಳ್ಳಲ್ಲ. ಆದರೆ ನೀರು ನಿಂತಲ್ಲಿ ನಿಲ್ಲದೆ ಹರಡಿ, 'ಟೀಚರ್ ಹಳದಿ' ಎಂದು ಬರೆದಲ್ಲಿ ಒಂದು ಎಮ್ಮೆ ಮಲಗಿತ್ತು. 'ಉಪನಯನದ ನೇರಳೆ'ಗೆ ಎರಡು ಎಮ್ಮೆ. ಇತ್ತ ಕದಡಲು ಹಾಕಿದ್ದ ಅಜ್ಜಿಯ ಕಾಲದ ಕಬ್ಬಿಣದ ಸಟ್ಟುಗ ತಾಮ್ರದ್ದಾಗಿ ಹೊರಬಂತು. ಅಂದಿನಿಂದ ತುತ್ತದ ಡಬ್ಬಿಗೆ ಬೀಗ.

ಕೊನೆಗೆ ಗೆದ್ದದ್ದು ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿ. ಬೆಂಗಳೂರಿನಿಂದ ಬಂದ ಮಕ್ಕಳು ಕುಡಿದು ಬಿಸಾಕಿದ್ದನ್ನು ಕತ್ತರಿಯಲ್ಲಿ ಕತ್ತರಿಸಿ, ಹಳೇ ಪೇಪರಿನ ಕಟ್ಟಿನ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅಕ್ಷರ ಹಳ್ಳವಾಗಿ ಕೂರುತ್ತದೆ. ಶಾಯಿಯೇ ಇಲ್ಲದ ಮೇಲೆ ಅಳಿಸುವುದೇನನ್ನು? ಎರಡು ಬೆರಳು ಕುಯ್ದುಕೊಂಡೆ, ಅದು ಬೇರೆ. ಮೊದಲ ಪಟ್ಟಿಯನ್ನು ಯಾವುದಕ್ಕೆ ಬರೆಯಲಿ ಎಂದು ಯೋಚಿಸಿದಾಗ, ನನ್ನ ಗಿಡಗಳಲ್ಲೇ ಅತಿ ಚಂದದ ಕಡುಗೆಂಪಿಗೆ ಬರೆದೆ: 'ಕೆಳಗಿನಮನೆ ಅತ್ತಿಗೆಯಲ್ಲಿಂದ ಹೇಳದೆ ತಂದಿದ್ದು.'

ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇದೆಯಷ್ಟೆ. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದವಳು ಕೈತೊಳೆಯುವ ನೆಪದಲ್ಲಿ ಪಕ್ಕದಲ್ಲಿ ಚಿಗುರಿದ ಒಂದು ಹಿಳ್ಳು ಮುರಿದು ಸೆರಗಿನ ಮರೆಯಲ್ಲಿ ತಂದಿದ್ದೆ. ಬರೆದದ್ದು ನನ್ನ ನೆನಪಿಗೆ, ಊರಿನ ಮಾಹಿತಿಗಲ್ಲ.

ಆ ವರ್ಷದ ಮಳೆ ಹೇಗಿತ್ತೆಂದರೆ ಗೋಡೆಯಂತೆ ನಿಂತ ಮಣ್ಣಿನ ದರೆಯೇ ಕುಸಿಯಿತು. ಉಳಿದ ಚೀಟಿಗಳು ಎಲ್ಲಿ ಹೋದವೋ. ಕೆಳಗಿನಮನೆ ಅತ್ತಿಗೆ ಚೌತಿ ಹಬ್ಬಕ್ಕೆ ಕರೆಯಲು ಬಂದ ದಿನ, ತಿಂಗಳಿಂದ ಮುಖ ತೋರಿಸದ ಸೂರ್ಯ ಸರಿಯಾಗಿ ಹತ್ತು ನಿಮಿಷ ಬಂದು, ಸರಿಯಾಗಿ ಆ ಒಂದು ಪಟ್ಟಿಯ ಮೇಲೆ ಬಿದ್ದು, ಅದು ಕನ್ನಡಿಯ ಹಾಗೆ ಹೊಳೆಯಿತು. ಅತ್ತಿಗೆ ಕನ್ನಡಕ ಏರಿಸಿದರು. ಬಗ್ಗಿದರು. ನಾನು ಕಾಫಿ ಮಾಡುತ್ತೇನೆಂದು ಒಳಗೆ ಓಡಿದೆ. ಹಾಲು ಉಕ್ಕಿದ್ದನ್ನೂ ಗಮನಿಸದೆ ಒಲೆಯ ಮುಂದೆ ನಿಂತೆ.

ಹೊರಗೆ ಬಂದಾಗ ಅವರು ಇನ್ನೂ ಅಲ್ಲೇ ಇದ್ದರು, ಎಲೆ ಮಗುಚಿ ನೋಡುತ್ತಾ.

"ಎಂತದೇ ಇದು?"

ನಾನು ಲೋಟ ಹಿಡಿದು ನಿಂತೆ.

"ನಮ್ಮನೆ ಕೆಂಪಿಗೆ ಎಸಳಿನ ತುದಿ ಬಿಳಿ. ಇದು ಪೂರ್ತಿ ಕೆಂಪು. ಇದು ನಮ್ಮನೆಯದ್ದಲ್ಲ. ಇದನ್ನ ಯಾರ ಮನೆಯಿಂದ ಹೇಳದೆ ತಂದೆ?"

ಯಾವಾಗಲೋ ಚೀಲ ಸರಿಸುವಾಗ ಪಟ್ಟಿ ಆಚೀಚೆ ಆಗಿದೆ. ಅದು ಅಳಿಯಲಿಲ್ಲ, ಮಸುಕಾಗಲಿಲ್ಲ, ಬೇರೆ ಗಿಡದ ಕುತ್ತಿಗೆಗೆ ಹೋಗಿ ಕೂತಿತ್ತು ಅಷ್ಟೇ. ನಿಜವಾದದ್ದು ಆಚೆ ಕೊನೆಯ ಚೀಲದಲ್ಲಿ ಬಿಳಿ ತುದಿ ತೋರಿಸಿಕೊಂಡು ನಗುತ್ತಿತ್ತು. ಅತ್ತಿಗೆಗೂ ಕಂಡಿತು. ಅವರು ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಪೂರ್ತಿ ಕೆಂಪಿನ ಒಂದು ಹಿಳ್ಳನ್ನು ನನ್ನ ಕಣ್ಣೆದುರೇ ಚಟ್ಟನೆ ಮುರಿದರು.

"ಬರೆಯೋಕೆ ಏನಾದರೂ ಕೊಡು."

ಬಿಸಿಲಿಗೆ ಬೋಳಾದ ಪೇಂಟ್ ಬಕೆಟ್ಟಿನ ಪಟ್ಟಿ ಒಂದು ಸಿಕ್ಕಿತು. ಪೆನ್ನು ಸಿಗಲಿಲ್ಲ. ಬಡಗಿ ಬಿಟ್ಟುಹೋದ ಪೆನ್ಸಿಲ್ ತುಂಡು ಕಿಟಕಿಯಲ್ಲಿತ್ತು, ಅದನ್ನೇ ಕೊಟ್ಟೆ. ಪಟ್ಟಿಯನ್ನು ಮೆಟ್ಟಿಲ ಕಲ್ಲಿಗೆ ಎರಡು ಸಲ ಉಜ್ಜಿ ತರಿಯಾಗಿಸಿ, ಅದರ ಮೇಲೆ ಬರೆದುಕೊಂಡು ಹೋದರು.

ಎರಡು ಮಳೆಗಾಲ, ಎರಡು ಬೇಸಿಗೆ ಕಳೆದಿವೆ. ಮೊನ್ನೆ ಅವರ ಅಂಗಳದಲ್ಲಿ ನೋಡಿದೆ. ಪೆನ್ಸಿಲ್ ಎಂದರೆ ಇಂಗಾಲ, ಬಿಸಿಲು ಮುರಿಯಲು ಅದರಲ್ಲಿ ಬಣ್ಣವೇ ಇಲ್ಲ, ಮಳೆಗೆ ಕರಗುವ ವಸ್ತುವೂ ಅಲ್ಲ. ನಮ್ಮ ಮನೆ ಕಟ್ಟಿದಾಗ ಬಡಗಿ ಅಟ್ಟದ ಹಲಗೆ ಮೇಲೆ ಮಾಡಿದ ಕೂಡುವ ಲೆಕ್ಕ ಇಂದಿಗೂ ಹಾಗೇ ಇದೆ, ತಪ್ಪು ಸಮೇತ. ನಾನು ಅದನ್ನು ದಿನಾ ನೋಡುತ್ತಾ ತುತ್ತ ಕರಗಿಸುತ್ತಿದ್ದೆ.

ಅತ್ತಿಗೆಯ ಪಟ್ಟಿಯಲ್ಲಿ ಒಂದಕ್ಷರವೂ ಮಾಸಿಲ್ಲ: 'ಮೇಲಿನಮನೆಯಿಂದ. ಅವಳೆದುರೇ ತಂದಿದ್ದು.'