ಫಲಿತಾಂಶ ಕುಸಿದ ಸರ್ಕಾರಿ ಶಾಲೆಯ ಪಾಠಕ್ಕೆ ಇಲಾಖೆಯ ಲಗಾಮು ಬೇಕೆ?

ಪರ: ಕೇಳುವವರು ಇರಲೇಬೇಕು

2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇ 91.12, ನಮ್ಮ ಕಲಬುರಗಿಗೆ ಶೇ 42.43. ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಹಾಗಾದರೆ ತರಗತಿಯೊಳಗೆ ನಡೆಯುತ್ತಿರುವುದೇನು ಎಂದು ಇಲಾಖೆ ಕೇಳಿದರೆ ತಪ್ಪೇ?

ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಆಗಿದ್ದಾಗ ಒಂದು ಶಾಲೆಯ ಏಳನೇ ತರಗತಿಗೆ ಹೋಗಿದ್ದೆ. ಪಾಠ ಯೋಜನೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿತ್ತು. ಭಿನ್ನರಾಶಿ ಮುಗಿದಿದೆ, ದಶಮಾಂಶ ನಡೆದಿದೆ ಎಂದಿತ್ತು. 416ನ್ನು 4ರಿಂದ ಭಾಗಿಸಲು ಹೇಳಿದೆ. ಮುಂದಿನ ಸಾಲಿನ ಹುಡುಗಿ ಎದ್ದು ಬಂದು ಸರಸರನೆ ಬರೆದಳು: 14.

‘ನಡುವಿನ ಸೊನ್ನೆ ಎಲ್ಲಿ ಹೋತವ್ವಾ?’

‘ಸೊನ್ನೀಗಿ ಬೆಲೆ ಇಲ್ಲಲ್ರೀ ಸರ.’

ಇಡೀ ತರಗತಿ ಹೌದೆಂದು ತಲೆಯಾಡಿಸಿತು. ನಾಲ್ಕನೇ ತರಗತಿಯಲ್ಲೇ ಹಿಡಿಯಬೇಕಿದ್ದ ತಪ್ಪು ವರ್ಷ ವರ್ಷ ಪಾಸಾಗುತ್ತ ಏಳಕ್ಕೆ ಬಂದಿತ್ತು. ಪಾಠ ಯೋಜನೆ ನೋಡಿ ರುಜು ಹಾಕಿದವರು ಯಾರೂ ಆ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟಿರಲಿಲ್ಲ. ಆದ್ದರಿಂದಲೇ ಹೇಳುತ್ತೇನೆ, ಇಂಥ ಶಾಲೆಗಳಲ್ಲಿ ಯಾವ ವಾರ ಏನು ಕಲಿಸಬೇಕೆಂದು ಇಲಾಖೆಯೇ ಗೊತ್ತುಮಾಡಲಿ, ಪಾಠ ಮುಗಿದಾಗಲೆಲ್ಲ ಕಿರುಪರೀಕ್ಷೆ ನಡೆಯಲಿ, ಅಂಕಗಳು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಜಿಗೆ ಹೋಗಲಿ. ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಅರ್ಧ ವರ್ಷಕ್ಕೆ ಮರಳುವ ಮಗು ಯಾವ ಶಾಲೆಗೆ ಸೇರಿದರೂ ಪಾಠದ ಎಳೆ ತಪ್ಪಬಾರದು.

ಹುದ್ದೆಗಳು ಖಾಲಿ ಇವೆ ಎನ್ನುತ್ತಾರೆ. ಅದು ಬೇರೆ ವಿಷಯ, ಬೇರೆ ಲೇಖನ ಬರೆಯಲಿ. ಶಿಕ್ಷಕರ ಸ್ವಾತಂತ್ರ್ಯ ಎಂದು ಭಾಷಣ ಬಿಗಿಯುವವರು ತಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿದ್ದಾರೆಂದು ಮೊದಲು ಹೇಳಲಿ.

ವಿರೋಧ: ವೇಳಾಪಟ್ಟಿ ಕಲಿಸುವುದಿಲ್ಲ

ವಿರೋಧಿಸಿ ಬರೆಯಿರಿ ಎಂದು ಕೇಳಿದ್ದಾರೆ, ಬರೆಯುತ್ತಿದ್ದೇನೆ. ರಾಜ್ಯಕ್ಕೆಲ್ಲ ಒಂದು ಪಠ್ಯಪುಸ್ತಕ ಇರುವುದಕ್ಕೆ, ಮೇಲಿನವರು ಬಂದು ವಿಚಾರಿಸುವುದಕ್ಕೆ ನನ್ನ ತಕರಾರೇನಿಲ್ಲ. ವಾರವಾರದ ಪಾಠವನ್ನೂ ಅಲ್ಲಿಂದಲೇ ಕಳಿಸುವುದು ಅತಿಯಾಯಿತು, ಅಷ್ಟೆ. ಜಿಲ್ಲೆಯ ಫಲಿತಾಂಶವನ್ನು ಎಲ್ಲರೂ ಸರ್ಕಾರಿ ಶಾಲೆಯ ತಲೆಗೇ ಕಟ್ಟುತ್ತಾರೆ, ಅದರಲ್ಲಿ ಖಾಸಗಿ ಶಾಲೆಗಳೂ ಸೇರಿವೆ.

ನಮ್ಮ ಕಡೆಯ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ನಾಲ್ಕು, ಐದು ಎರಡೂ ತರಗತಿ ಒಂದೇ ಕೋಣೆಯಲ್ಲಿ ಕೂತಿರುತ್ತವೆ. ಅರ್ಧ ಮಕ್ಕಳ ಮನೆಮಾತು ಲಂಬಾಣಿ. ಅಲ್ಲಿ ಭಾಗಾಕಾರಕ್ಕೆ ಎಷ್ಟು ದಿನ ಬೇಕೆಂದು ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಪಾಠದ ಕಾರ್ಡು ಮಾಡಿ, ಮಗು ತನ್ನ ವೇಗದಲ್ಲಿ ಹಂತ ಹಂತವಾಗಿ ಕಲಿಕಾ ಏಣಿ ಹತ್ತಲು ಬಿಟ್ಟರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಕಾರ್ಡುಗಳು ಬಂದವು, ಅವನ್ನು ಮಾಡಿದವರ ಉಮೇದು ಬರಲಿಲ್ಲ. ಹಾಗೆಂದು ಎಲ್ಲವನ್ನೂ ಶಿಕ್ಷಕರಿಗೇ ಬಿಟ್ಟರೆ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. ಎಲ್ಲ ಸಹೋದ್ಯೋಗಿಗಳೂ ನನಗೆ ಗೊತ್ತು.

ಮೇಲ್ವಿಚಾರಣೆ ಬರುವುದೇ ಆದರೆ, ಬಂದವರು ದಾಖಲೆ ಪುಸ್ತಕ ತಿರುವಿಹಾಕುವ ಬದಲು ಒಂದು ಪೀರಿಯಡ್ ಪಾಠ ಮಾಡಿ ತೋರಿಸಲಿ. ಬಿಸಿಯೂಟದ ಲೆಕ್ಕವನ್ನು ಆನ್‌ಲೈನ್‌ಗೆ ಏರಿಸುವ ಕೆಲಸಕ್ಕೆ ಬೇರೊಬ್ಬರನ್ನು ಕೊಟ್ಟರಂತೂ ಇನ್ನೂ ಒಳ್ಳೆಯದು.